ಸೀಟಿಲ್ಲ ಎಂದು ಹೇಳುವ ಪತ್ರ ಬರೆಯುವುದು ಹೇಗೆ: ಮಲೆನಾಡಿನ ಕಾಲೇಜು ಕಚೇರಿಗಳಿಗೆ

ಮೇ ತಿಂಗಳಿಂದ ಜುಲೈವರೆಗೆ ನಮ್ಮ ಶಿವಮೊಗ್ಗ ಜಿಲ್ಲೆಯ ಕಾಲೇಜು ಕಚೇರಿಗಳಿಂದ ಎರಡು ಬಗೆಯ ಪತ್ರ ಹೊರಡುತ್ತವೆ. ಸೀಟು ಸಿಕ್ಕಿದೆ ಎನ್ನುವ ಪತ್ರವನ್ನು ಪ್ರಿನ್ಸಿಪಾಲರೇ ಒಮ್ಮೆ ಓದುತ್ತಾರೆ, ಲೋಗೋ ನೆಟ್ಟಗೆ ಕೂತಿದೆಯಾ ನೋಡುತ್ತಾರೆ, ಫೀಸು ಕಟ್ಟುವ ತಾರೀಖನ್ನು ದಪ್ಪಕ್ಷರದಲ್ಲಿ ಹಾಕಿಸುತ್ತಾರೆ. ಸಿಕ್ಕಿಲ್ಲ ಎನ್ನುವ ಪತ್ರಕ್ಕೆ ಈ ಭಾಗ್ಯವಿಲ್ಲ. ಯಾವ ಕಾಲದಲ್ಲೋ ಯಾರೋ ಟೈಪು ಮಾಡಿಟ್ಟ ಫೈಲನ್ನು ತೆರೆದು ತಾರೀಖು ತಿದ್ದಿದರೆ ಕೆಲಸ ಮುಗಿಯಿತು. ಬೇಡಿಕೆ ಇರುವ ಕೋರ್ಸುಗಳಲ್ಲಿ ಹೆಚ್ಚು ಮನೆಗಳಿಗೆ ಹೋಗುವುದು ಈ ಎರಡನೆಯದೇ.

ಆ ಎರಡನೆಯ ಪತ್ರವನ್ನು ಬರೆಯಬೇಕಾದ ಎಸ್‌ಡಿಎ, ಎಫ್‌ಡಿಎ, ಸೂಪರಿಂಟೆಂಡೆಂಟರು ಮತ್ತು ಪ್ರವೇಶ ಸಮಿತಿಗೆ ಹೆಸರು ಹಾಕಿಸಿಕೊಂಡು ಸಿಕ್ಕಿಬಿದ್ದ ಉಪನ್ಯಾಸಕರಿಗಾಗಿ ಈ ಬರಹ. ಸಾಮಾನ್ಯವಾಗಿ ಹೋಗುವ ಪತ್ರ ಹೀಗಿರುತ್ತದೆ:

"ವಿಷಯ: ಪ್ರವೇಶಾತಿ ಅರ್ಜಿ ತಿರಸ್ಕೃತಗೊಂಡಿರುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ಸಲ್ಲಿಸಿರುವ ಅರ್ಜಿಯನ್ನು ಪ್ರವೇಶ ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿದ್ದು, ತಾವು ನಿಗದಿತ ಅರ್ಹತಾ ಮಟ್ಟವನ್ನು ಹೊಂದಿಲ್ಲದಿರುವುದರಿಂದ ಸದರಿ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಈ ಕುರಿತು ಯಾವುದೇ ಪತ್ರ ವ್ಯವಹಾರಕ್ಕೆ ಆಸ್ಪದವಿರುವುದಿಲ್ಲ. ತಮ್ಮ ಭವಿಷ್ಯಕ್ಕೆ ಶುಭ ಹಾರೈಸುತ್ತಾ..."

ಬೈದಿಲ್ಲವಲ್ಲ, ಶುಭವನ್ನೂ ಹಾರೈಸಿದೆಯಲ್ಲ ಎನ್ನಬಹುದು. ಆದರೆ ಈ ಪತ್ರ ಸುಳ್ಳು ಹೇಳುತ್ತಿದೆ. ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 518 ತೆಗೆದ ಹುಡುಗಿ ಬಿ.ಕಾಂಗೆ ಅರ್ಹಳಲ್ಲದೆ ಇನ್ನೇನು? ನಿಮ್ಮಲ್ಲಿ ಇದ್ದದ್ದು 60 ಸೀಟು, ಅವಳಿಗಿಂತ ಹೆಚ್ಚು ಅಂಕದವರಿಗೇ ಅವು ಮುಗಿದವು, ಆಗಿದ್ದು ಅಷ್ಟೇ. ಜಾಗ ಸಾಲದ್ದು ಕಾಲೇಜಿಗೆ, ಹಣೆಪಟ್ಟಿ ಬಿದ್ದದ್ದು ಹುಡುಗಿಗೆ. ಇಂಥ ಪತ್ರದ ಒರಟುತನವೆಲ್ಲ ಬಹುಪಾಲು ಇಲ್ಲಿಂದಲೇ ಶುರುವಾಗುವುದರಿಂದ, ಭಾಷೆಗೆ ಬೆಣ್ಣೆ ಸವರುವ ಮೊದಲು ಸಂಗತಿಯನ್ನು ಸರಿಮಾಡಿಕೊಳ್ಳಬೇಕು.

ಇಲ್ಲ ಎನ್ನುತ್ತಿರುವುದು ನೀವೇನಾ?

ಎಂಜಿನಿಯರಿಂಗ್, ಕೃಷಿ, ಪಶುವೈದ್ಯದಂಥ ಕೋರ್ಸುಗಳ ಸರ್ಕಾರಿ ಕೋಟಾದ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ಅಲ್ಲಿ ಸೀಟು ಸಿಗದವರಿಗೆ ಪತ್ರ ಬರುವುದಿಲ್ಲ. ಪರದೆಯ ಮೇಲೆ ‘ನೋ ಸೀಟ್ ಅಲಾಟೆಡ್’ ಎಂದು ಕಾಣುತ್ತದೆ, ಅಷ್ಟೇ. ಅದನ್ನು ನೀವು ತಿದ್ದಲಾಗದು. ಆದರೂ ಆನಂದಪುರ, ಸೊರಬದ ಕಡೆಯಿಂದ ಬಂದ ಅಪ್ಪ ನಿಂತುಕೊಳ್ಳುವುದು ನಿಮ್ಮ ಕಿಟಕಿಯ ಮುಂದೆಯೇ. ಮೊದಲ ಸುತ್ತಿನಲ್ಲಿ ಸಿಗದಿದ್ದರೆ ಮುಂದಿನ ಸುತ್ತು ಇರುತ್ತದೆ ಎಂದೂ, ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಆಯ್ಕೆಗಳಲ್ಲಿ ನಾಲ್ಕನೆಯದನ್ನು ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ ಹೋದಂತೆ ಎಂದೂ ಅವರಿಗೆ ಹೇಳಿ ಕಳಿಸಿ. ಆ ಎರಡು ಮಾತು ಗೊತ್ತಿಲ್ಲದೆ ಮಕ್ಕಳು ಇದ್ದ ದಾರಿಯನ್ನೂ ಮುಚ್ಚಿಕೊಳ್ಳುತ್ತಾರೆ.

ನೀವೇ ಇಲ್ಲ ಎನ್ನಬೇಕಾದದ್ದು ಪಿಯು, ಪದವಿ ಮತ್ತು ಆಡಳಿತ ಮಂಡಳಿಯ ಕೋಟಾದ ಸೀಟುಗಳಿಗೆ. ಪದವಿಯ ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಎಂಬ ಆನ್‌ಲೈನ್ ಪೋರ್ಟಲಿನಲ್ಲಿ ಬಂದಿದ್ದರೂ ಜನರ ಲೆಕ್ಕದಲ್ಲಿ ಉತ್ತರ ಕೊಡಬೇಕಾದವರು ನೀವೇ.

ಅರ್ಜಿಗಳನ್ನು ನಾಲ್ಕು ಕಟ್ಟು ಮಾಡಿ

ಸೀಟು ಸಿಗದವರಿಗೆಲ್ಲ ಒಂದೇ ಪತ್ರ ಎನ್ನುವ ಪದ್ಧತಿ ಮೊದಲು ಹೋಗಲಿ. ಕನಿಷ್ಠ ಅಂಕವೋ ಓದಿದ ವಿಷಯಗಳೋ ನಿಯಮಕ್ಕೆ ಹೊಂದದವರದು ಒಂದು ಕಟ್ಟು. ಎಲ್ಲ ಸರಿಯಿದ್ದೂ ಸೀಟು ಮುಗಿದವರದು ಇನ್ನೊಂದು, ದೊಡ್ಡದು ಅದೇ. ಕಾಯುವ ಪಟ್ಟಿಯವರದು ಮೂರನೆಯದು. ನಾಲ್ಕನೆಯದು ಕಾಗದ ಕೊರತೆಯವರದು: ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಾಗಿದೆ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಸಹಿ ಬಿದ್ದಿಲ್ಲ, ಮಾರ್ಕ್ಸ್ ಕಾರ್ಡಿನ ಝೆರಾಕ್ಸ್‌ನಲ್ಲಿ ಹೆಸರೇ ಮಾಸಿಹೋಗಿದೆ.

ಈ ನಾಲ್ಕನೆಯ ಕಟ್ಟಿಗೆ ಪತ್ರವೇ ಬೇಡ, ಫೋನು ಮಾಡಿ. ನಾಡಕಚೇರಿಯಲ್ಲಿ ಸರ್ವರ್ ಡೌನ್, ಊರಲ್ಲಿ ಕರೆಂಟಿಲ್ಲ, ಮನೆಯಲ್ಲಿ ಎಲ್ಲರೂ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವ ಗಡಿಬಿಡಿಯಲ್ಲಿ. ಜೂನ್ ತಿಂಗಳಲ್ಲಿ ಒಂದು ಸಹಿ ತಪ್ಪಿಹೋಗುವುದು ಮಲೆನಾಡಿನಲ್ಲಿ ದೊಡ್ಡ ಅಪರಾಧವೇನಲ್ಲ. ಎರಡು ದಿನ ಕೊಟ್ಟರೆ ಬಗೆಹರಿಯುವುದನ್ನು ತಿರಸ್ಕಾರದ ಲೆಕ್ಕಕ್ಕೆ ಸೇರಿಸುವುದು ಸೋಮಾರಿತನ.

ಇಲ್ಲೇ ಇನ್ನೊಂದನ್ನು ನೋಡಿಬಿಡಿ. ಅರ್ಜಿಯಲ್ಲಿರುವ ಮೊಬೈಲ್ ನಂಬರ್ ಯಾರದು? ಎಷ್ಟೋ ಅರ್ಜಿಗಳಲ್ಲಿ ಅದು ಓಟಿಪಿಗೆಂದು ಸೈಬರ್ ಸೆಂಟರಿನವನು ಹಾಕಿದ ಅವನದೇ ನಂಬರ್ ಆಗಿರುತ್ತದೆ. ಇಲ್ಲವಾದರೆ ಊರಿನಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಂಡ ಚಿಕ್ಕಪ್ಪನದು. ಸೀಟಿಲ್ಲ ಎಂಬ ಸುದ್ದಿ ಹುಡುಗಿಗಿಂತ ಮುಂಚೆ ಪೇಟೆಯ ಅಂಗಡಿಯಲ್ಲಿ ಗೊತ್ತಾಗುವುದು ಹೀಗೆಯೇ. ಅರ್ಜಿ ತೆಗೆದುಕೊಳ್ಳುವಾಗಲೇ "ಇದು ನಿಮ್ಮನೆಯದಾ?" ಎಂದು ಕೇಳಿ ಎರಡನೆಯ ನಂಬರ್ ಬರೆಸಿಕೊಳ್ಳಿ.

ತಾರೀಖು

ಒರಟು ಪತ್ರಕ್ಕಿಂತ ತಡವಾಗಿ ಬಂದ ನಯವಾದ ಪತ್ರ ಹೆಚ್ಚು ಹಾಳು ಮಾಡುತ್ತದೆ. ಪಿಯು ಇಲಾಖೆ ದಂಡಶುಲ್ಕವಿಲ್ಲದೆ ದಾಖಲಾಗಲು ಒಂದು ಕೊನೆಯ ದಿನ, ದಂಡಶುಲ್ಕದೊಂದಿಗೆ ಇನ್ನೊಂದು ದಿನ ಎಂದು ಗೊತ್ತುಮಾಡುತ್ತದೆ. ಪದವಿಗೆ ವಿಶ್ವವಿದ್ಯಾಲಯದ ವೇಳಾಪಟ್ಟಿ ಇರುತ್ತದೆ. ನಿಮ್ಮ ‘ಇಲ್ಲ’ ಆ ಮೊದಲ ದಿನಕ್ಕಿಂತ ಕನಿಷ್ಠ ಒಂದು ವಾರ ಮುಂಚೆ ಮನೆ ಮುಟ್ಟಬೇಕು. ಆಗ ಆ ಹುಡುಗ ತೀರ್ಥಹಳ್ಳಿಯ ತುಂಗಾ ಮಹಾವಿದ್ಯಾಲಯಕ್ಕೋ ಸಾಗರದ ಎಲ್‌ಬಿ ಕಾಲೇಜಿಗೋ ಹೋಗಿ ವಿಚಾರಿಸಿಯಾನು, ಹಾಸ್ಟೆಲ್ ಅರ್ಜಿಗೂ ಸಮಯ ಸಿಕ್ಕೀತು.

ಪಟ್ಟಿ ಯಾವ ದಿನ ಬರುತ್ತದೆ ಎಂದು ಅರ್ಜಿ ಕೊಡುವಾಗಲೇ ಸ್ವೀಕೃತಿ ಚೀಟಿಯ ಮೇಲೆ ಸೀಲು ಹೊಡೆದು ಕೊಡಿ. "ನೋಟಿಸ್ ಬೋರ್ಡ್ ನೋಡ್ತಾ ಇರಿ" ಎನ್ನುವ ಮಾತು ಶಿವಮೊಗ್ಗ ಪೇಟೆಯೊಳಗಿನ ವಿನೋಬನಗರದವರಿಗೆ ನಡೆದೀತು. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯ ಮಕ್ಕಳು 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ ಲಾಂಚ್ ಕಾದು ಹೊಳೆ ದಾಟಿ ಬರಬೇಕಿತ್ತು. ಈಗ ಸೇತುವೆಯಾಗಿದೆ, ದೂರವೇನೂ ಕಡಿಮೆಯಾಗಿಲ್ಲ. ಬೋರ್ಡಿನಲ್ಲಿ ತನ್ನ ಹೆಸರಿಲ್ಲ ಎಂದು ನೋಡುವುದಕ್ಕಾಗಿ ಒಂದು ದಿನದ ಕೂಲಿ, ಬಸ್ ಚಾರ್ಜು ಎರಡನ್ನೂ ಕಳೆದುಕೊಳ್ಳುವಂತೆ ಮಾಡಬೇಡಿ. ಶನಿವಾರ ಮಧ್ಯಾಹ್ನ ಕಳಿಸುವುದೂ ಬೇಡ. ಭಾನುವಾರವಿಡೀ ಮನೆಯವರು ಫೋನು ಮಾಡುತ್ತಾರೆ, ನಿಮ್ಮ ಕಚೇರಿಯ ಫೋನು ಬೀಗದೊಳಗೆ ಹೊಡೆದುಕೊಳ್ಳುತ್ತಿರುತ್ತದೆ. ಮಂಗಳವಾರ ಬೆಳಿಗ್ಗೆ ಹತ್ತೂವರೆ ಒಳ್ಳೆಯ ಹೊತ್ತು.

ಪತ್ರ ಬರೆಯುವುದು

ಉತ್ತರ ಮೊದಲ ವಾಕ್ಯದಲ್ಲೇ ಇರಲಿ. ಕಾಲೇಜಿನ ಇತಿಹಾಸ, ಈ ಬಾರಿ ಹರಿದುಬಂದ ಅರ್ಜಿಗಳ ವರ್ಣನೆ, ಸಮಿತಿ ಪಟ್ಟ ಕಷ್ಟ ಎಲ್ಲ ಆದ ಮೇಲೆ ಮೂರನೆಯ ಪ್ಯಾರಾದಲ್ಲಿ ‘ಆದರೆ’ ಎಂದು ಬರುವ ಪತ್ರ ಓದುವವರ ಎದೆಬಡಿತವನ್ನು ಸುಮ್ಮನೆ ಏರಿಸುತ್ತದೆ. ನಮ್ಮ ಕಡೆ ಪತ್ರವನ್ನು ವಿದ್ಯಾರ್ಥಿ ಒಬ್ಬನೇ ಓದುವುದಿಲ್ಲ ಎಂಬುದೂ ನೆನಪಿರಲಿ. ಜಗಲಿಯಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರವರೆಗೆ ಕೇಳಿಸಿಕೊಳ್ಳುತ್ತಾರೆ. ಹಾಗೆ ಓದಿದಾಗ ಮಗುವಿನ ತಲೆ ತಗ್ಗಿಸುವ ಪದ ಇರಕೂಡದು. ‘ತಿರಸ್ಕೃತ’, ‘ಅನರ್ಹ’, ‘ಮಟ್ಟ ತಲುಪಿಲ್ಲ’, ‘ಸದರಿ ಅಭ್ಯರ್ಥಿ’ ಇವನ್ನೆಲ್ಲ ಹೊಡೆದು ಹಾಕಿ. ಪತ್ರ ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಪ್ರತಿ ಬೇಕಾದವರು ಕೇಳಿ ತೆಗೆದುಕೊಳ್ಳಲಿ.

ಆಮೇಲೆ ಲೆಕ್ಕ. ಎಷ್ಟು ಸೀಟು, ಎಷ್ಟು ಅರ್ಜಿ, ಆ ಪ್ರವರ್ಗದಲ್ಲಿ ಕೊನೆಗೆ ಆಯ್ಕೆಯಾದವರ ಅಂಕ ಎಷ್ಟು, ಈ ವಿದ್ಯಾರ್ಥಿಯದು ಎಷ್ಟು. ಲೆಕ್ಕ ಕೊಟ್ಟರೆ ಜಗಳಕ್ಕೆ ಬರುತ್ತಾರೆ ಎಂದು ಹಳಬರು ಹೆದರಿಸುತ್ತಾರೆ. ನಾನು ಕಂಡದ್ದು ಬೇರೆ: ಲೆಕ್ಕ ಗೊತ್ತಿಲ್ಲದವರೇ ‘ಯಾರಿಗೋ ದುಡ್ಡು ಕೊಟ್ಟು ಮಾಡಿಸ್ಕೊಂಡಿದಾರೆ’ ಎಂದುಕೊಂಡು ಮುಖಂಡರ ಶಿಫಾರಸು ಪತ್ರ ಹಿಡಿದು ಬರುವುದು. ಅಂಕ ಕಣ್ಣೆದುರಿಗಿದ್ದರೆ ಬೇಸರವಾದರೂ ವಿಷಯ ಅಲ್ಲಿಗೆ ನಿಲ್ಲುತ್ತದೆ.

ಮೂರನೆಯದು ಮುಂದಿನ ದಾರಿ: ಕಾಯುವ ಪಟ್ಟಿ ಇದೆಯೇ, ನಿಮ್ಮಲ್ಲೇ ಬೇರೆ ಕೋರ್ಸಿನಲ್ಲಿ ಜಾಗ ಉಂಟೇ, ಕೊಟ್ಟ ಮೂಲ ದಾಖಲೆಗಳನ್ನು ಯಾವಾಗ ವಾಪಸ್ ಪಡೆಯಬಹುದು. ‘ಸೋಲೇ ಗೆಲುವಿನ ಸೋಪಾನ’ ಎಂಬ ಸಾಲು ಮಾತ್ರ ದಯವಿಟ್ಟು ಬೇಡ. ನನಗೆ ಅದು ಕಂಡರಾಗದು, ಹದಿನೇಳರ ಮಕ್ಕಳಿಗಂತೂ ಮೈಯೆಲ್ಲ ಉರಿಯುತ್ತದೆ. ಸೀಟು ಸಿಗದಿರುವುದು ಸೋಲು ಎಂದು ತೀರ್ಮಾನಿಸಲು ನಮ್ಮನ್ನು ಕೇಳಿದವರಾದರೂ ಯಾರು?

ಮಾದರಿ ಕೆಳಗಿದೆ. ಅಂಕಿಗಳು ಉದಾಹರಣೆಗೆ ಮಾತ್ರ.

"ವಿಷಯ: ಬಿ.ಕಾಂ ಮೊದಲ ಆಯ್ಕೆ ಪಟ್ಟಿ, ನಿಮ್ಮ ಅರ್ಜಿ ಸಂಖ್ಯೆ ____

ಪ್ರಿಯ ________,

ಬಿ.ಕಾಂ ತರಗತಿಯ ಮೊದಲ ಆಯ್ಕೆ ಪಟ್ಟಿಯಲ್ಲಿ ನಿಮಗೆ ಸೀಟು ಸಿಕ್ಕಿಲ್ಲ. ನಮ್ಮಲ್ಲಿರುವ 60 ಸೀಟುಗಳಿಗೆ ಈ ವರ್ಷ 214 ಅರ್ಜಿ ಬಂದಿದ್ದವು. ನೀವು ಅರ್ಜಿ ಹಾಕಿದ ಪ್ರವರ್ಗದಲ್ಲಿ ಕೊನೆಯದಾಗಿ ಆಯ್ಕೆಯಾದವರ ಅಂಕ 600ಕ್ಕೆ 537, ನಿಮ್ಮದು 518. ಈ ಕೋರ್ಸಿಗೆ ಬೇಕಾದ ಅರ್ಹತೆ ನಿಮಗಿದೆ, ಸೀಟು ಮಾತ್ರ ಸಾಲಲಿಲ್ಲ.

ಕಾಯುವ ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆ 14. ಹೋದ ವರ್ಷ ಈ ಪಟ್ಟಿಯಲ್ಲಿ 6ನೇ ಸಂಖ್ಯೆಯವರೆಗೆ ಸೀಟು ಸಿಕ್ಕಿತ್ತು. ಆದ್ದರಿಂದ ಇದನ್ನೇ ನೆಚ್ಚಿಕೊಳ್ಳದೆ ಬೇರೆ ಕಾಲೇಜಿನಲ್ಲೂ ಪ್ರಯತ್ನಿಸಿ. ಕಾಯುವ ಪಟ್ಟಿಯ ಅಂತಿಮ ಉತ್ತರವನ್ನು ದಿನಾಂಕ ____ರ ಒಳಗೆ ತಿಳಿಸುತ್ತೇವೆ.

ನಮ್ಮಲ್ಲಿ ಬಿ.ಎ. ತರಗತಿಯಲ್ಲಿ ಸೀಟುಗಳಿವೆ. ಇಷ್ಟವಿದ್ದರೆ ಇದೇ ಅರ್ಜಿಯಲ್ಲಿ ಬದಲಾಯಿಸಿಕೊಡುತ್ತೇವೆ, ಮತ್ತೆ ಅರ್ಜಿ ಶುಲ್ಕ ಕೊಡಬೇಕಿಲ್ಲ. ನಿಮ್ಮ ಟಿಸಿ ಮತ್ತು ಅಂಕಪಟ್ಟಿಯನ್ನು ಕಚೇರಿಯ ವೇಳೆಯಲ್ಲಿ ಯಾವ ದಿನ ಬೇಕಾದರೂ ಪಡೆಯಬಹುದು. ನೀವೇ ಬರಲಾಗದಿದ್ದರೆ ನಿಮ್ಮ ಪತ್ರ ತಂದವರಿಗೆ ಕೊಡುತ್ತೇವೆ.

ಏನಾದರೂ ಕೇಳಬೇಕಿದ್ದರೆ ಬೆಳಿಗ್ಗೆ 10.30ರಿಂದ ಸಂಜೆ 4ರವರೆಗೆ ಈ ನಂಬರಿಗೆ ಫೋನು ಮಾಡಿ: ____. ಪ್ರವೇಶ ವಿಭಾಗದ ________ ಮಾತಾಡುತ್ತಾರೆ."

ಕೆಳಗೆ ಸಹಿ, ಸಹಿ ಮಾಡಿದವರ ಪೂರ್ತಿ ಹೆಸರು. ‘ಪ್ರಾಂಶುಪಾಲರ ಪರವಾಗಿ’ ಎಂದು ಅರ್ಧ ಸೀಲು ಹೊಡೆದು ಕಳಿಸಬೇಡಿ.

‘ಹೋದ ವರ್ಷ 6ನೇ ಸಂಖ್ಯೆಯವರೆಗೆ’ ಎಂಬ ಸಾಲಿಗೆ ಸಮಿತಿಯಲ್ಲಿ ವಿರೋಧ ಬರುವುದು ಗ್ಯಾರಂಟಿ. ಮುಂದಕ್ಕೆ ಇದನ್ನೇ ಹಿಡಿದು ಕೇಳುತ್ತಾರೆ ಎನ್ನುತ್ತಾರೆ. ಬಿಡಬೇಡಿ, ಇಡೀ ಪತ್ರದಲ್ಲಿ ಮನೆಯವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಅದು. 14ನೇ ಸಂಖ್ಯೆ ಹತ್ತಿರವೋ ದೂರವೋ ಎಂದು ಅವರಿಗೆ ಬೇರೆ ಹೇಗೆ ಗೊತ್ತಾಗಬೇಕು?

ಬರೆದಾದ ಮೇಲೆ ಕಚೇರಿಯ ಅಟೆಂಡರಿಗೆ ಓದಲು ಕೊಟ್ಟು, "ಇದು ನಿಮ್ಮನೆಗೆ ಬಂದಿದ್ರೆ ನಾಳೆ ಏನು ಮಾಡ್ತಿದ್ರಿ?" ಎಂದು ಕೇಳಿ. ಥಟ್ಟನೆ ಉತ್ತರ ಬಂದರೆ ಪತ್ರ ಪಾಸು.

ಕಳಿಸುವುದು

ಮಳೆಗಾಲದಲ್ಲಿ ಒಂದೇ ದಾರಿ ನಂಬಬೇಡಿ. ಪತ್ರದ ಪಿಡಿಎಫ್ ವಾಟ್ಸ್‌ಆ್ಯಪಿಗೆ ಹೋಗಲಿ, ಜೊತೆಗೆ ಒಂದು ಎಸ್‌ಎಂಎಸ್. ಹೊಸನಗರದ ಒಳಗಿನ ಊರುಗಳಲ್ಲಿ ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ, ಅದರಲ್ಲಿ ಎಸ್‌ಎಂಎಸ್ ಇಳಿಯುತ್ತದೆ, ಪಿಡಿಎಫ್ ಸುತ್ತುತ್ತಲೇ ಇರುತ್ತದೆ. ಕನ್ನಡ ಎಸ್‌ಎಂಎಸ್‌ಗೆ ಒಂದು ಮಿತಿಯಿದೆ: ಒಂದು ಸಂದೇಶಕ್ಕೆ 70 ಅಕ್ಷರ, ಅದರಲ್ಲಿ ಕೊಂಬು, ದೀರ್ಘ, ಒತ್ತುಗಳೆಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ದುಡ್ಡು ಉಳಿಸಲು ಹೋಗಿ ‘ಅರ್ಜಿ ತಿರಸ್ಕೃತ. ವೆಬ್‌ಸೈಟ್ ನೋಡಿ’ ಎಂದು ಬರೆಯುವುದು ಇದಕ್ಕೇ. ಎರಡು ಮೂರು ಸಂದೇಶದ ದುಡ್ಡು ಹೋದರೂ ಹೋಗಲಿ, ಹೀಗೆ ಬರೆಯಿರಿ: "ಪ್ರಿಯ ____, ಬಿ.ಕಾಂ ಮೊದಲ ಪಟ್ಟಿಯಲ್ಲಿ ಸೀಟು ಸಿಕ್ಕಿಲ್ಲ. ಕಾಯುವ ಪಟ್ಟಿ ಸಂಖ್ಯೆ 14. ವಿವರದ ಪತ್ರ ಕಳಿಸಿದ್ದೇವೆ. ಫೋನು: ____". ಪ್ರವರ್ಗ, ಜಾತಿ ಇವು ಎಸ್‌ಎಂಎಸ್‌ನಲ್ಲಿ ಬೇಡವೇ ಬೇಡ. ಸಗಟಾಗಿ ಕಳಿಸುವ ಸಂದೇಶದ ಒಕ್ಕಣೆಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ಸಗಟು ಕಳಿಸುವಾಗ ಪಟ್ಟಿ ಅದಲುಬದಲಾಗುವ ಅಪಾಯ ದೊಡ್ಡವರನ್ನೂ ಬಿಟ್ಟಿಲ್ಲ. 2009ರ ವಸಂತದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಆಯ್ಕೆಯಾದವರಿಗೆಂದು ಬರೆದ ಸ್ವಾಗತದ ಮಿಂಚಂಚೆಯನ್ನು ಆಯ್ಕೆಯಾಗದ ಸುಮಾರು 28,000 ಮಂದಿಗೂ ಕಳಿಸಿಬಿಟ್ಟಿತು. ಅವರಿಗೆಲ್ಲ ಅದಾಗಲೇ ಇಲ್ಲ ಎಂಬ ಉತ್ತರ ಹೋಗಿತ್ತು. ಕೆಲವೇ ಗಂಟೆಗಳಲ್ಲಿ ಕ್ಷಮೆ ಕೇಳಿದರು. 2015ರ ಫೆಬ್ರವರಿಯಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಕಂಪ್ಯೂಟರ್ ಸೈನ್ಸ್ ಸ್ನಾತಕೋತ್ತರಕ್ಕೆ ಅರ್ಜಿ ಹಾಕಿದ್ದ ಸುಮಾರು 800 ಜನರಿಗೆ ಸೀಟು ಸಿಕ್ಕಿತೆಂದು ಬರೆದು ಅದೇ ದಿನ ಹಿಂದಕ್ಕೆ ತೆಗೆದುಕೊಂಡಿತು. ಎಂಥ ಒರಟು ಪತ್ರಕ್ಕಿಂತಲೂ ಇದು ಕ್ರೂರ. ನಿಮ್ಮ ಕಚೇರಿಯಲ್ಲಿ ಎರಡು ಪಟ್ಟಿಯೂ ಒಂದೇ ಎಕ್ಸೆಲ್ ಹಾಳೆಯಲ್ಲಿ, ಒಂದು ಹಸಿರು ಒಂದು ಕೆಂಪು ಬಣ್ಣದಲ್ಲಿ ಇದೆಯೆಂದರೆ ಇವತ್ತೇ ಬೇರೆ ಮಾಡಿ. ಕಳಿಸುವ ಮೊದಲು ಆ ಪಟ್ಟಿಯ ಮೊದಲ ಹೆಸರು, ಕೊನೆಯ ಹೆಸರು, ಒಟ್ಟು ಸಂಖ್ಯೆ ಮೂರನ್ನೂ ಇನ್ನೊಬ್ಬರು ಗಟ್ಟಿಯಾಗಿ ಓದಿ ಹೇಳಲಿ. ಮೊದಲ ಸಂದೇಶ ಕಚೇರಿಯ ಸ್ವಂತ ಫೋನುಗಳಿಗೆ ಹೋಗಲಿ.

ಬೋರ್ಡಿನಲ್ಲೂ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಾಕುವುದಿದ್ದರೆ ಆಯ್ಕೆಯಾದವರ ಮತ್ತು ಕಾಯುವವರ ಪಟ್ಟಿ ಮಾತ್ರ. ಸಿಗದವರ ಹೆಸರುಪಟ್ಟಿ ಅಂಟಿಸುವ ಕಚೇರಿಗಳು ಇನ್ನೂ ಇವೆ. ಯಾತಕ್ಕೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ.

ಫೋನಿನಲ್ಲಿ

ಪತ್ರ ಹೋದ ದಿನ ಫೋನಿನ ಹತ್ತಿರ ಅಂದಿನ ಮಟ್ಟಿಗೆ ಬೇರೆ ಕೆಲಸವಿಲ್ಲದವರೊಬ್ಬರು ಕೂರಬೇಕು. ಮಾತು ಸುಮಾರು ಹೀಗೆ ಹೋಗುತ್ತದೆ:

"ಸಾರ್, ರಿಪ್ಪನ್‌ಪೇಟೆ ಹತ್ರದಿಂದ. ನಮ್ಮ ಹುಡುಗಿದು ಏನಾಯ್ತು ಸಾರ್?"

"ಅಮ್ಮ, ಅರ್ಜಿ ನಂಬರ್ ಹೇಳಿ... ಬಿ.ಕಾಂನಲ್ಲಿ ಸೀಟು ಸಿಕ್ಕಿಲ್ಲಮ್ಮ. ಹತ್ತೊಂಬತ್ತು ಮಾರ್ಕ್ಸು ಕಡಿಮೆ ಬಿತ್ತು. ಕಾಯೋ ಪಟ್ಟಿಲಿ ಹದಿನಾಲ್ಕನೇದು."

"ಅದು ಸಿಗ್ತದಾ ಸಾರ್?"

"ಕಷ್ಟ ಅಮ್ಮ. ಹೋದ ವರ್ಷ ಆರನೇದಕ್ಕೆ ನಿಂತಿತ್ತು. ನೀವು ಬೇರೆ ಕಡೆನೂ ಹಾಕಿ. ಟಿಸಿ ನಾಳೆನೇ ಕೊಡ್ತೀವಿ. ಹುಡುಗಿ ಹತ್ರ ಇದ್ರೆ ಫೋನ್ ಕೊಡಿ, ನಾನೇ ಹೇಳ್ತೀನಿ."

ಇಷ್ಟಕ್ಕೆ ಎರಡು ನಿಮಿಷ ಹಿಡಿಯುತ್ತದೆ. "ನೋಡೋಣ ಬಿಡಿ", "ಆದ್ರೆ ಮಾಡ್ಕೊಡೋಣ" ಎಂದು ಜಾರಿಕೊಳ್ಳಬೇಡಿ. ಆ ಮಾತನ್ನು ನಂಬಿ ಹದಿನೈದು ದಿನ ಸುಮ್ಮನೆ ಕೂತವರಿಗೆ ಆಮೇಲೆ ಬೇರೆಲ್ಲೂ ಜಾಗ ಇರುವುದಿಲ್ಲ. ಆಚೆ ಕಡೆಯ ಮಗು ತುಂಬ ಕುಗ್ಗಿದೆ, ಸರಿಯಾಗಿ ಮಾತೇ ಆಡುತ್ತಿಲ್ಲ ಅನ್ನಿಸಿದರೆ ಮನೆಯ ದೊಡ್ಡವರಿಗೆ ಅದನ್ನು ನೇರವಾಗಿ ಹೇಳಿ, ಟೆಲಿ ಮಾನಸ್ 14416 ನಂಬರ್ ಬರೆದುಕೊಳ್ಳಲು ಹೇಳಿ. ಅದು ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮಾದರಿ ಪತ್ರದ ಕೆಳಗೆ ಈ ನಂಬರನ್ನು ಅಚ್ಚು ಹಾಕಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ ಎನ್ನುತ್ತೇನೆ, ಸೀಟಿನ ಪತ್ರದಲ್ಲಿ ಅದನ್ನು ನೋಡಿದ ಅಪ್ಪ ಅಮ್ಮ ಇಲ್ಲದ್ದನ್ನು ಊಹಿಸಿಕೊಂಡು ಹೆದರುತ್ತಾರೆ. ಫೋನು ಎತ್ತುವವರ ಮೇಜಿನ ಮೇಲೆ ಅದು ಇರಲಿ.

ದಾಖಲೆ, ದುಡ್ಡು

ಮೂಲ ಟಿಸಿ, ಅಂಕಪಟ್ಟಿ ನಿಮ್ಮ ಬೀರುವಿನಲ್ಲಿ ಉಳಿದರೆ ಮೇಲಿನ ನಯವಿನಯವೆಲ್ಲ ವ್ಯರ್ಥ. ಟಿಸಿ ಇಲ್ಲದೆ ಇನ್ನೊಂದು ಕಾಲೇಜು ಸೇರಿಸಿಕೊಳ್ಳುವುದಿಲ್ಲ. ಪದವಿ ಮತ್ತು ಅದಕ್ಕಿಂತ ಮೇಲಿನ ಕೋರ್ಸುಗಳಲ್ಲಿ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಆಗಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಎಲ್ಲೂ ಸಿಗಲಿಕ್ಕಿಲ್ಲ ಎಂದು ಹೆದರಿ ಬೇರೊಂದು ಕಡೆ ಫೀಸು ಕಟ್ಟಿ, ಆಮೇಲೆ ನಿಮ್ಮ ಕಾಯುವ ಪಟ್ಟಿಯಿಂದ ಕರೆ ಬಂದವರಿಗೂ ಅದೇ ಅಧಿಸೂಚನೆ ನೆರವಾಗುತ್ತದೆ: ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮುಂಚೆ ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಕಳೆದು ಉಳಿದದ್ದೆಲ್ಲ ವಾಪಸ್ ಬರಬೇಕು, ತಡವಾದಷ್ಟೂ ಮೊತ್ತ ಕಡಿಮೆ. ಕರೆ ಮಾಡುವಾಗ ಇದನ್ನು ಹೇಳಿದರೆ, ‘ಕಟ್ಟಿದ ದುಡ್ಡು ಹೋಯ್ತಲ್ಲ’ ಎಂದು ಬೇಕಾದ ಸೀಟನ್ನೇ ಬಿಡುವುದು ತಪ್ಪುತ್ತದೆ.

ಎರಡನೆಯ ಪತ್ರ

ಕಾಯುವ ಪಟ್ಟಿಯವರಿಗೆ ಅಂತಿಮ ಉತ್ತರ ಕೊಡುವುದನ್ನು ಹೆಚ್ಚಿನ ಕಚೇರಿಗಳು ಮರೆಯುತ್ತವೆ. ಸೀಟು ತುಂಬಿತು, ತರಗತಿ ಶುರುವಾಯಿತು, ಪಟ್ಟಿ ಫೈಲಿಗೆ ಹೋಯಿತು. ಅತ್ತ ಹುಡುಗ ಮೊಬೈಲ್ ಕೈಯಲ್ಲಿ ಹಿಡಿದೇ ಇರುತ್ತಾನೆ. ಪಟ್ಟಿ ಮುಚ್ಚಿದ ದಿನ ಸಂಜೆಯೊಳಗೆ ಉಳಿದವರಿಗೆಲ್ಲ ನಾಲ್ಕು ಸಾಲು ಕಳಿಸಿ: ಪಟ್ಟಿ ಎಷ್ಟನೇ ಸಂಖ್ಯೆಗೆ ನಿಂತಿತು, ಇನ್ನು ಸೀಟು ಬರುವುದಿಲ್ಲ, ದಾಖಲೆ ಇಲ್ಲಿದ್ದರೆ ಇಂಥ ದಿನ ಬಂದು ಒಯ್ಯಿರಿ, ಫೋನು ನಂಬರ್ ಇದು. ಆ ದಿನದ ತಾರೀಖನ್ನು ಈಗಲೇ ಕಚೇರಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಯಾರು ಕಳಿಸಬೇಕೋ ಅವರ ಹೆಸರನ್ನು ಪಕ್ಕದಲ್ಲಿ ಬರೆದಿಡಿ.